ಎಣ್ಣೆಯ ಡಬ್ಬದ ಮೇಲೆ ಇಲ್ಲದ ಒಂದು ಸಂಖ್ಯೆ

ಕೀಲೆಣ್ಣೆ ಹಾಕದೆ ಗಾಡಿ ಹೂಡಬಾರದೆಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿದ್ದ ವಿಷಯ. ಎತ್ತಿನ ಗಾಡಿಯ ಸ್ಥಾನಕ್ಕೆ ಮೋಟಾರು ವಾಹನಗಳು ಬಂದಿವೆ. ಕೀಲೆಣ್ಣೆಯ ಅಗತ್ಯ ಮಾತ್ರ ತಪ್ಪಿಲ್ಲ, ಹೆಚ್ಚಿದೆ. ಗಾಡಿಯ ಎಣ್ಣೆ ತೀರಿದರೆ ಚಕ್ರವು ಕಿರುಗುಟ್ಟಿ ತಿಳಿಸುತ್ತಿತ್ತು. ಎಂಜಿನ್ನಿನೊಳಗಿನ ಎಣ್ಣೆಯಾದರೋ ಸದ್ದಿಲ್ಲದೆ ಆವಿಯಾಗಿ ಹೋಗುತ್ತದೆ. ಹೋದ ಎಣ್ಣೆ ಎಲ್ಲಿಗೆ ಹೋಯಿತು, ಉಳಿದ ಎಣ್ಣೆ ಏನಾಯಿತು ಎಂದು ವಿಚಾರಿಸುವವರು ವಿರಳ. ವಿಚಾರಿಸಬೇಕೆಂಬುದೂ, ಅದಕ್ಕೆ ನೆರವಾಗುವ ಒಂದು ಸಂಖ್ಯೆಯನ್ನು ಎಣ್ಣೆಯ ಡಬ್ಬದ ಮೇಲೆಯೇ ಮುದ್ರಿಸಬೇಕೆಂಬುದೂ ನಮ್ಮ ಅಭಿಪ್ರಾಯ.

ದ್ರವವು ಆವಿಯಾಗಬೇಕಾದರೆ ಕುದಿಯಲೇಬೇಕೆಂಬ ನಿಯಮವಿಲ್ಲ. ಹಗ್ಗದ ಮೇಲೆ ಹರವಿದ ಬಟ್ಟೆಯ ನೀರು ಕುದಿಯದೆಯೇ ಆರುವುದಷ್ಟೆ. ದ್ರವದ ಅಣುಗಳೆಲ್ಲವೂ ಒಂದೇ ವೇಗದಿಂದ ಚಲಿಸುವುದಿಲ್ಲ. ಮೇಲ್ಮೈಯಲ್ಲಿರುವ ಅಣುಗಳ ಪೈಕಿ ಯಾವುವು ಹೆಚ್ಚಿನ ಶಕ್ತಿಯನ್ನು ಪಡೆದಿರುವುವೋ ಅವು ನೆರೆಯ ಅಣುಗಳ ಆಕರ್ಷಣೆಯನ್ನು ಮೀರಿ ಹೊರಬೀಳುವುವು. ಉಷ್ಣತೆಯು ಏರಿದ ಹಾಗೆ ಇಂತಹ ಅಣುಗಳ ಸಂಖ್ಯೆ ತೀವ್ರವಾಗಿ ಏರುವುದು. ಇಷ್ಟನ್ನು ನಾವು ತರಗತಿಗಳಲ್ಲಿ ನೀರನ್ನು ನಿದರ್ಶನವಾಗಿ ಇಟ್ಟುಕೊಂಡು ಬೋಧಿಸುತ್ತೇವೆ. ನೀರಿನ ಅಣುಗಳು ಒಂದೇ ಬಗೆಯವು. ಅರ್ಧದಷ್ಟು ನೀರು ಆವಿಯಾದರೂ ಉಳಿದುದು ನೀರೇ. ಎಂಜಿನ್ನಿನ ಎಣ್ಣೆ ಹಾಗಲ್ಲ. ಕಚ್ಚಾ ತೈಲವನ್ನು ಭಟ್ಟಿ ಇಳಿಸಿ ಪಡೆಯುವ ಈ ಎಣ್ಣೆಯು ಚಿಕ್ಕ ದೊಡ್ಡ ಹೈಡ್ರೋಕಾರ್ಬನ್ ಅಣುಗಳ ಬೆರಕೆ. ಚಿಕ್ಕವು ಮೊದಲು ಹೊರಟುಹೋಗುವುವು, ದೊಡ್ಡವು ಹಿಂದೆ ಉಳಿಯುವುವು. ಆದುದರಿಂದ ಉಳಿದ ಎಣ್ಣೆ ಹಾಕಿದ ಎಣ್ಣೆಯಲ್ಲ. ಅದಕ್ಕಿಂತ ಗಟ್ಟಿಯಾದ, ಹರಿಯಲು ಒಲ್ಲದ ಬೇರೊಂದು ದ್ರವ.

ಎಂಜಿನ್ನಿನ ತಳದ ತೊಟ್ಟಿಯಲ್ಲಿ ಎಣ್ಣೆಯ ಉಷ್ಣತೆ ಸುಮಾರು 100 ಡಿಗ್ರಿ ಸೆಂಟಿಗ್ರೇಡ್ ಇರಬಹುದು. ಆದರೆ ಪಿಸ್ಟನ್ನಿನ ಮೇಲಿನ ಬಳೆಯ ಹತ್ತಿರ ಅದು 200 ಡಿಗ್ರಿಯನ್ನು ಮೀರಬಲ್ಲುದು. ಅಲ್ಲಿ ಎಣ್ಣೆ ತೆಳ್ಳನೆಯ ಪೊರೆಯಾಗಿ ಹರಡಿರುತ್ತದೆ. ಬಿಸಿ ಅನಿಲಗಳು ಅದರ ಮೇಲೆ ಹಾಯುತ್ತಿರುತ್ತವೆ. ಬಿಸಿಲು, ಗಾಳಿ, ಹರವು ಮೂರೂ ಕೂಡಿದರೆ ಬಟ್ಟೆ ಬೇಗ ಆರುವಂತೆಯೇ ಇದೂ. ಹೀಗೆ ಎದ್ದ ಆವಿಯಲ್ಲಿ ಒಂದು ಪಾಲು ಸಿಲಿಂಡರಿನಲ್ಲಿಯೇ ಉರಿದುಹೋಗುವುದು. ಇನ್ನೊಂದು ಪಾಲು ಬಳೆಗಳ ಸಂದಿನಿಂದ ನುಸುಳಿ ಬಂದ ಅನಿಲಗಳೊಡನೆ ಎಂಜಿನ್ನಿನ ಕೆಳಭಾಗದಲ್ಲಿ ಸೇರುವುದು. ಹಿಂದೆ ಇದನ್ನು ಒಂದು ಕೊಳವೆಯ ಮೂಲಕ ಬಯಲಿಗೆ ಬಿಡುತ್ತಿದ್ದರು. 1960ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನವು ಅದನ್ನು ಎಂಜಿನ್ನಿಗೇ ಹಿಂದಕ್ಕೆ ಉಣಿಸುವ ಏರ್ಪಾಡನ್ನು ಆಚರಣೆಗೆ ತಂದಿತು. ಊರಿನ ಗಾಳಿಗೆ ಇದರಿಂದ ಉಪಕಾರವಾಯಿತು. ಆದರೆ ಎಣ್ಣೆಯ ಆವಿಯೂ ತುಂತುರೂ ಈಗ ಗಾಳಿಯ ಕವಾಟಗಳ ಮೇಲೆ ಹಾದು ಹೋಗಬೇಕಾಯಿತು.

ಒಲೆಯ ಮೇಲಿನ ಬಾಣಲೆಯ ಅಂಚಿನಲ್ಲಿ ಎಣ್ಣೆ ಕಾದು ಕಾದು ಕಂದು ಬಣ್ಣದ ಅಂಟಾಗಿ, ಕೊನೆಗೆ ಕರಿಯ ಹಕ್ಕಳೆಯಾಗುವುದನ್ನು ವಾಚಕರು ಕಂಡಿರಬಹುದು. ಅಡುಗೆಯ ಎಣ್ಣೆಯ ರಸಾಯನ ಬೇರೆಯಾದರೂ ಬಿಸಿ ಕವಾಟದ ಬೆನ್ನಿನ ಮೇಲೆ ತೋರುವ ಪರಿಣಾಮ ಇದನ್ನೇ ಹೋಲುತ್ತದೆ. ಪೆಟ್ರೋಲನ್ನು ಕವಾಟದ ಹೊರಗೆ ಸಿಂಪಡಿಸುವ ಎಂಜಿನ್ನುಗಳಲ್ಲಿ ಪೆಟ್ರೋಲೇ ಈ ಕಿಟ್ಟವನ್ನು ಬಹುಮಟ್ಟಿಗೆ ತೊಳೆಯುತ್ತದೆ. ನೇರವಾಗಿ ಸಿಲಿಂಡರಿನೊಳಕ್ಕೆ ಸಿಂಪಡಿಸುವ ಹೊಸ ಬಗೆಯ ಎಂಜಿನ್ನುಗಳಲ್ಲಿ ಆ ತೊಳೆತವಿಲ್ಲ. ಕಿಟ್ಟ ಬೆಳೆದಂತೆ ಗಾಳಿಯ ದಾರಿ ಕಿರಿದಾಗುವುದು, ಎಂಜಿನ್ನಿನ ಕಸುವು ಕುಗ್ಗುವುದು.

ಇತ್ತ ಉಳಿದ ಎಣ್ಣೆಯ ಗತಿಯೇನು? ಗಟ್ಟಿಯಾದ ಎಣ್ಣೆ ಬಳೆಗಳ ತೋಡಿನಲ್ಲಿ ನಿಂತು, ಆಮ್ಲಜನಕದೊಡನೆ ಕೂಡಿ, ಮಡ್ಡಿಗಟ್ಟುತ್ತದೆ. ಮಡ್ಡಿಗಟ್ಟಿದ ತೋಡಿನಲ್ಲಿ ಬಳೆ ಸಲೀಸಾಗಿ ಆಡುವುದಿಲ್ಲ. ಬಳೆ ಆಡದಿದ್ದರೆ ಇನ್ನಷ್ಟು ಎಣ್ಣೆ ಮೇಲೇರಿ ಉರಿಯುತ್ತದೆ. ಕಡಮೆಯಾದ ಎಣ್ಣೆಗೆ ಹೊಸ ಎಣ್ಣೆಯನ್ನು ಸೇರಿಸಿದರೆ ಮಟ್ಟವೇನೋ ಸರಿಹೋಗುತ್ತದೆ. ಆದರೆ ಹಳೆಯ ಮಡ್ಡಿ ಅಲ್ಲಿಯೇ ಉಳಿದು, ಹೊಸ ಎಣ್ಣೆಯ ಹಗುರ ಭಾಗ ಮತ್ತೆ ಆವಿಯಾಗತೊಡಗುತ್ತದೆ. ಕಿಟ್ಟಕ್ಕೆ ಆವೀಕರಣವೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಮರಳಿ ಉಣಿಸಿದ ಹೊಗೆಯ ಮಸಿ, ಸವೆದ ಬಿಡಿಭಾಗಗಳು, ಕಾಲಕ್ಕೆ ಸರಿಯಾಗಿ ಎಣ್ಣೆ ಬದಲಿಸದ ಉದಾಸೀನ ಇವೆಲ್ಲವೂ ಪಾಲುಗಾರರೇ. ಆದರೆ ಕೊಳ್ಳುವ ಮುನ್ನವೇ ಅಳೆದು ತಿಳಿಯಬಹುದಾದ ಕಾರಣ ಇದು.

ಈ ಅಳತೆಗೆ ಜರ್ಮನಿಯ ನೋಆಕ್ ಎಂಬುವರ ಹೆಸರಿನ ಪರೀಕ್ಷೆಯೊಂದಿದೆ. 65 ಗ್ರಾಂ ಎಣ್ಣೆಯನ್ನು ಮುಚ್ಚಿದ ಪಾತ್ರೆಯಲ್ಲಿ 250 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಗಂಟೆಯ ಕಾಲ ಇಟ್ಟು, ಅದರ ಮೇಲೆ ಗಾಳಿಯನ್ನು ಒಂದೇ ಸಮನೆ ಎಳೆಯುತ್ತಾರೆ. ತೂಕದಲ್ಲಿ ಶೇಕಡ ಎಷ್ಟು ನಷ್ಟವಾಯಿತೆಂಬುದೇ ಆ ಎಣ್ಣೆಯ ನೋಆಕ್ ಸಂಖ್ಯೆ. ಅಮೆರಿಕ ಜಪಾನುಗಳ ಮೋಟಾರು ತಯಾರಕರ ಇಲ್ಸಾಕ್ ಸಮಿತಿಯು ಮೊದಲು ಶೇಕಡ 22ರವರೆಗೆ ನಷ್ಟವನ್ನು ಒಪ್ಪಿತ್ತು. 2001ರಲ್ಲಿ ಬಂದ ಜಿಎಫ್-3 ನಿಯಮದಲ್ಲಿ ಅದನ್ನು ಶೇಕಡ 15ಕ್ಕೆ ಇಳಿಸಿತು. ಯೂರೋಪಿನ ಎ3/ಬಿ4 ವರ್ಗದ ಮಿತಿ ಶೇಕಡ 13. ನಮ್ಮ ಮೋಟಾರು ಸೈಕಲ್ಲಿನ ಎಣ್ಣೆಯ ಡಬ್ಬಗಳ ಮೇಲೆ ಕಾಣುವ ಜಾಸೊ ಮುದ್ರೆಯ 2006ರ ನಿಯಮವು ಶೇಕಡ 20ರವರೆಗೆ ಅವಕಾಶ ಕೊಟ್ಟಿತ್ತು. ಮಿತಿಗಳಲ್ಲಿಯೇ ಇಷ್ಟು ಅಂತರವಿರುವಾಗ ಎಣ್ಣೆಗಳಲ್ಲಿ ಅಂತರವಿರುವುದು ಸಹಜವೇ ಸರಿ.

ಆದರೆ ಡಬ್ಬದ ಮೇಲೆ ನಮಗೆ ಕಾಣುವುದೇನು? 10ಡಬ್ಲ್ಯು-40 ಎಂಬಂತಹ ಗುರುತು. ಅದು ಸ್ನಿಗ್ಧತೆಯನ್ನು, ಎಂದರೆ ಹರಿಯುವಿಕೆಗೆ ಎಣ್ಣೆಯು ಒಡ್ಡುವ ತಡೆಯನ್ನು ಸೂಚಿಸುತ್ತದೆ. ಎಣ್ಣೆ ಹೇಗೆ ಹರಿಯುವುದೆಂದು ಅದು ಹೇಳುತ್ತದೆ. ಎಷ್ಟು ನಿಲ್ಲುವುದೆಂದು ಹೇಳುವುದಿಲ್ಲ. ಕೆಲವು ತಯಾರಕರು ನೋಆಕ್ ಸಂಖ್ಯೆಯನ್ನು ತಮ್ಮ ತಾಂತ್ರಿಕ ವಿವರಪತ್ರಗಳಲ್ಲಿ ಪ್ರಕಟಿಸುವುದುಂಟು. ಅಂಗಡಿಯ ಮುಂದೆ ನಿಂತ ಆಟೋರಿಕ್ಷಾ ಚಾಲಕನಿಗೆ ಆ ಪತ್ರ ಎಲ್ಲಿ ದೊರೆಯಬೇಕು?

ನಿಯಮಕ್ಕೆ ಒಳಪಟ್ಟ ಎಣ್ಣೆಯೆಂಬ ಮುದ್ರೆಯೇ ಸಾಕಲ್ಲವೆ ಎಂದು ಕೇಳುವವರುಂಟು. ಸಾಲದೆಂದು ನಮ್ಮ ಉತ್ತರ. 35 ಅಂಕ ಪಡೆದವನೂ 85 ಅಂಕ ಪಡೆದವನೂ ತೇರ್ಗಡೆಯಾದವರೇ. ಹಾಗೆಂದು ಅಂಕಪಟ್ಟಿಯಲ್ಲಿ ಅಂಕಗಳನ್ನು ಬಿಟ್ಟು ‘ತೇರ್ಗಡೆ’ ಎಂದಷ್ಟೇ ಬರೆದರೆ ವಿದ್ಯಾರ್ಥಿಗಳು ಒಪ್ಪುವರೆ? ಪ್ರಯೋಗಶಾಲೆಯ 250 ಡಿಗ್ರಿ ಎಂಜಿನ್ನಿನ ನಿಜಸ್ಥಿತಿಯಲ್ಲವೆಂಬುದು ಇನ್ನೊಂದು ಆಕ್ಷೇಪ. ಮಾತು ದಿಟ. ಆದರೆ ಹೋಲಿಕೆಗೆ ಬೇಕಾದುದು ಎಲ್ಲ ಎಣ್ಣೆಗಳಿಗೂ ಒಂದೇ ಅಳತೆಗೋಲು. ಅದನ್ನು ಈ ಪರೀಕ್ಷೆ ಒದಗಿಸುತ್ತದೆ. ಸಂಖ್ಯೆ ಕಡಮೆಯಾದ ಮಾತ್ರಕ್ಕೆ ಎಣ್ಣೆ ಎಲ್ಲ ವಿಧದಲ್ಲಿಯೂ ಉತ್ತಮವಾಗದೆಂಬುದನ್ನೂ ಒಪ್ಪುತ್ತೇವೆ. ಈ ಸಂಖ್ಯೆ ಇತರ ಗುರುತುಗಳ ಜೊತೆಗಿರಲಿ ಎಂದಷ್ಟೇ ನಮ್ಮ ವಾದ. ಜನರಿಗೆ ಇದು ತಿಳಿಯದೆಂಬ ಮಾತನ್ನು ಮಾತ್ರ ಒಪ್ಪಲಾರೆವು. 2006ರಲ್ಲಿ ಭಾರತದಲ್ಲಿ ವಿದ್ಯುತ್ ಉಪಕರಣಗಳಿಗೆ ನಕ್ಷತ್ರದ ಗುರುತು ಬಂತು. ಇಂದು ನಕ್ಷತ್ರಗಳನ್ನು ಎಣಿಸದೆ ರೆಫ್ರಿಜರೇಟರನ್ನು ಕೊಳ್ಳುವವರು ಕಡಮೆ.

ಈ ಬೇಡಿಕೆಗೆ ಈಗ ಹೆಚ್ಚಿನ ಬೆಲೆಯುಂಟು. ಇಂಧನವನ್ನು ಉಳಿಸುವ ಸಲುವಾಗಿ ಎಣ್ಣೆಗಳು ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿವೆ. ಮೂಲದ ಎಣ್ಣೆಯ ದರ್ಜೆ ಒಂದೇ ಆಗಿದ್ದರೆ ತೆಳುವಾದುದು ಹೆಚ್ಚು ಆವಿಯಾಗುವುದು. ಅಣುಗಳ ಗಾತ್ರ ಒಂದೇ ಸಮನಾಗಿರುವಂತೆ ರಾಸಾಯನಿಕವಾಗಿ ಕಟ್ಟಿದ ಎಣ್ಣೆಗಳಲ್ಲಿ ಈ ದೋಷ ಕಡಮೆ, ಬೆಲೆ ಹೆಚ್ಚು. ಹೆಚ್ಚಿನ ಬೆಲೆಗೆ ತಕ್ಕ ಗುಣ ಉಂಟೋ ಇಲ್ಲವೋ ಎಂಬುದನ್ನು ಕೊಳ್ಳುವವನು ಜಾಹೀರಾತಿನ ಚಿತ್ರದಿಂದ ತಿಳಿಯಬೇಕೆ, ಸಂಖ್ಯೆಯಿಂದ ತಿಳಿಯಬೇಕೆ? ಇದು ಒಬ್ಬನ ಹಣದ ಪ್ರಶ್ನೆಯೂ ಅಲ್ಲ. ಎಣ್ಣೆಗೆ ಸೇರಿಸುವ ರಂಜಕದ ಸಂಯುಕ್ತಗಳಿಂದ ಹೊರಟ ರಂಜಕವು ಹೊಗೆಯನ್ನು ಶುದ್ಧಗೊಳಿಸುವ ವೇಗವರ್ಧಕವನ್ನು ಕೆಡಿಸುತ್ತದೆ. 2020ರ ಏಪ್ರಿಲ್ 1ರಂದು ಜಾರಿಗೆ ಬಂದ ಬಿ.ಎಸ್. 6 ನಿಯಮದ ಫಲ ನಮಗೆ ದೊರೆಯಬೇಕಾದರೆ ಆ ವೇಗವರ್ಧಕ ಕೆಡದೆ ಉಳಿಯಬೇಕು.

‘ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು’ ಎಂಬ ಗಾದೆ ನಮ್ಮಲ್ಲಿದೆ. ವಿದ್ಯಾರ್ಥಿ ಮಿತ್ರರು ಕಣ್ಣು ತೆರೆದಿರಲಿ. ಮನೆಯ ವಾಹನಕ್ಕೆ ಎಣ್ಣೆ ಕೊಳ್ಳುವಾಗ ನೋಆಕ್ ಸಂಖ್ಯೆ ಎಷ್ಟೆಂದು ಕೇಳಲಿ. ಅಂಗಡಿಯವನಿಗೆ ತಿಳಿಯದಿದ್ದರೆ ತಯಾರಕರಿಗೆ ಒಂದು ಪತ್ರ ಬರೆಯಲಿ. ಭಾರತೀಯ ಮಾನಕ ಬ್ಯೂರೊ ಈ ಸಂಖ್ಯೆಯ ಮುದ್ರಣವನ್ನು ಕಡ್ಡಾಯಗೊಳಿಸಲಿ. ಡಬ್ಬದ ಮೇಲೆ ಎರಡು ಅಂಕಿಗಳಿಗೆ ಸ್ಥಳ ದೊರೆಯದೆ ಹೋಗದು.