ಗೃಹವಿಚಾರ: ಸಂಚಾರದಲ್ಲಿ ಸೂಜಿದಾರ

ಕೌದಿ ಹೊಲಿಯುವವರಿಗೆ ಹಬ್ಬಹರಿದಿನಗಳಲ್ಲಿ ಏನನ್ನು ಕೊಡಬಹುದೆಂದು ವಾಚಕರೊಬ್ಬರು ಕೇಳಿದ್ದಾರೆ. ಅವರ ತಾಯಿಯವರು ಆರು ತಿಂಗಳು ಮಗನ ಮನೆಯಲ್ಲಿಯೂ ಆರು ತಿಂಗಳು ಮಗಳ ಮನೆಯಲ್ಲಿಯೂ ಇರುವರಂತೆ. ಹೋದಲ್ಲೆಲ್ಲ ಹೊಲಿಗೆಯ ಗಂಟನ್ನೂ ಕೊಂಡೊಯ್ಯುವರಂತೆ. ಇದಕ್ಕೆ ಉತ್ತರ ಹೇಳುವ ಯೋಗ್ಯತೆ ನಮಗೆ ಒಂದು ತಪ್ಪಿನಿಂದ ಬಂದಿದೆ. ಅದನ್ನು ಮೊದಲು ಒಪ್ಪಿಕೊಳ್ಳುವುದು ಲೇಸು.

ನಮ್ಮ ರಾಯಲ್ಪಾಡಿನ ಸುತ್ತಿನಲ್ಲಿ ಕನ್ನಡದೊಡನೆ ತೆಲುಗೂ ಬೆರೆತಿರುವುದರಿಂದ ಕೌದಿಯನ್ನು ಬೊಂತೆ ಎನ್ನುವುದೂ ಉಂಟು. ಸಂಸ್ಕೃತದ ಕಂಥಾ ಎಂಬುದೂ ಇದೇ. ನಮ್ಮ ಮನೆಯವರು ಹಳೆಯ ಸೀರೆ ಪಂಚೆಗಳನ್ನು ಬೊಂತೆಯಾಗಿಸುತ್ತ ಮೂವತ್ತು ವರ್ಷ ಕಳೆದವರು. ಮಗಳ ಬಾಣಂತನಕ್ಕೆಂದು ನಾವಿಬ್ಬರೂ ವಿಮಾನದಲ್ಲಿ ಹೊರಟಾಗ ಸಾಮಾನು ಕಟ್ಟಿದವರು ನಾವು. ದಾರಿಯಲ್ಲಿ ಬೇಕಾದೀತೆಂದು ಅವರ ಕತ್ತರಿಯನ್ನು ಕೈಚೀಲದಲ್ಲಿಟ್ಟೆವು. ತಪಾಸಣೆಯಲ್ಲಿ ಅದನ್ನು ತೆಗೆದಿರಿಸಿಕೊಂಡರು. ನಿಯಮವು ನಿಯಮವೇ, ಅಲ್ಲಿದ್ದವರನ್ನು ದೂರುವಂತಿಲ್ಲ. ಆದರೆ ಅದು ಮದುವೆಯ ಕಾಲದಲ್ಲಿ ಅವರ ತಾಯಿ ಕೊಟ್ಟಿದ್ದ ಕತ್ತರಿ. ಅವರು ಒಂದು ಮಾತನ್ನೂ ಆಡಲಿಲ್ಲ. ಮೊಮ್ಮಗುವಿನ ಕೌದಿಯನ್ನು ಅಡಿಗೆಮನೆಯ ಕತ್ತರಿಯಿಂದಲೇ ಕತ್ತರಿಸಿ ಹೊಲಿದು ಮುಗಿಸಿದರು. ಅಂಚು ಓರೆಯಾಗಿತ್ತು. ಅದನ್ನು ನೋಡಿದಾಗಲೆಲ್ಲ ನಮ್ಮ ಮೋರೆ ಸಣ್ಣದಾಗುತ್ತಿತ್ತು.

ಆದುದರಿಂದ ಮೊದಲನೆಯ ಉಡುಗೊರೆ, ಕೈಗೊಗ್ಗುವ ಚಿಕ್ಕ ಕತ್ತರಿ. ಅದರೊಡನೆ ತುದಿಯನ್ನು ಮುಚ್ಚುವ ಒಂದು ಚರ್ಮದ ಒರೆ. ರೈಲು ಬಸ್ಸುಗಳಲ್ಲಿ ಇದನ್ನು ಜೊತೆಯಲ್ಲೇ ಇಟ್ಟುಕೊಳ್ಳಬಹುದು. ವಿಮಾನದಲ್ಲಾದರೆ ವಿಮಾನದ ಹೊಟ್ಟೆಗೆ ಹೋಗುವ ದೊಡ್ಡ ಪೆಟ್ಟಿಗೆಯಲ್ಲಿಯೇ ಇಡತಕ್ಕದ್ದು. ಅಮೆರಿಕದಲ್ಲಿ ತಿರುಗುಮೊಳೆಯಿಂದ ತುದಿಯವರೆಗೆ 4 ಅಂಗುಲಕ್ಕಿಂತ ಕಡಿಮೆಯಿರುವ ಕತ್ತರಿಯನ್ನು ಕೈಚೀಲದಲ್ಲಿ ಬಿಡುವರೆಂದು ನಂಬಿ, ನಮ್ಮ ದೇಶದಲ್ಲಿ ವಿಮಾನ ಹತ್ತುವಾಗ ಮೋಸಹೋಗಬಾರದು. ಹೊರಡುವ ಮುನ್ನವೇ ದಾರವನ್ನು ಬೇಕಾದ ಉದ್ದಕ್ಕೆ ತುಂಡರಿಸಿ ಸುತ್ತಿಕೊಂಡರೆ ದಾರಿಯಲ್ಲಿ ಕತ್ತರಿಯ ಅಗತ್ಯವೇ ಬೀಳದು.

ಎರಡನೆಯದು ಸಂಚಿ. ನಮ್ಮ ಅಜ್ಜಿಯಂದಿರ ಎಲೆಯಡಿಕೆಯ ಸಂಚಿಯನ್ನು ನೆನೆಯಿರಿ: ಎಲೆಗೊಂದು ಅರೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಸುರುಳಿ ಸುತ್ತಿ ದಾರ ಬಿಗಿದರೆ ಸೊಂಟದಲ್ಲಿ ಅಡಗುತ್ತಿತ್ತು. ಅದೇ ಮಾದರಿಯಲ್ಲಿ ದರ್ಜಿಯವನಿಂದ ದಪ್ಪಬಟ್ಟೆಯ ಸಂಚಿಯೊಂದನ್ನು ಹೊಲಿಸಿದರೆ ದಾರದ ಉಂಡೆ, ಅಂಗುಸ್ತಾನ, ಅಳತೆಪಟ್ಟಿ ಎಲ್ಲವೂ ತಮ್ಮ ತಮ್ಮ ಮನೆಯಲ್ಲಿರುವುವು. ಒಳಗೆ ಹಳೆಯ ಕಂಬಳಿಯ ತುಂಡೊಂದನ್ನು ಹೊಲಿಸಿದರೆ ಸೂಜಿಗಳನ್ನು ಚುಚ್ಚಿಡಲು ಅನುಕೂಲ.

ಮೂರನೆಯದು ಉಪಾಧ್ಯಾಯರಾಗಿದ್ದ ನಮಗೆ ತೋಚಿದ್ದು: ಮಕ್ಕಳ ಕಂಪಾಸು ಪೆಟ್ಟಿಗೆ. ಹದಿನೈದು ಸೆಂಟಿಮೀಟರಿನ ಅಳತೆಗೋಲು ಅದರಲ್ಲೇ ಇದೆ. ಗೆರೆ ಎಳೆಯಲು ಒಂದು ತುಂಡು ಸೀಮೆಸುಣ್ಣ ಸಾಕು, ಒಗೆದರೆ ಹೋಗುತ್ತದೆ. ಮುಚ್ಚಳದೊಳಗೆ ಸಣ್ಣ ಅಯಸ್ಕಾಂತವನ್ನು ಅಂಟಿಸಿದರೆ ಸೂಜಿ ಚೆಲ್ಲುವುದಿಲ್ಲ. ಕೂಸುಗಳು ಅಂಬೆಗಾಲಿಡುವ ಮನೆಗೆ ಹೋಗುವವರಿಗೆ ಇದು ಅತ್ಯಾವಶ್ಯಕ. ಹೋಗುವಾಗ ಎಷ್ಟು ಸೂಜಿ, ಬರುವಾಗ ಎಷ್ಟು, ಎಂದು ಎಣಿಸುವ ಅಭ್ಯಾಸವೂ ಇರಲಿ.

ಸಣ್ಣಪುಟ್ಟ ವಸ್ತುಗಳೂ ಉಂಟು. ವಯಸ್ಸಾದವರಿಗೆ ಸೂಜಿಯ ಕಣ್ಣಿಗೆ ದಾರ ಪೋಣಿಸುವ ತಂತಿ ವರಪ್ರಸಾದ. ಜೇನುಮೇಣದ ಗಟ್ಟಿಯ ಮೇಲೆ ಎಳೆದ ದಾರ ಸಿಕ್ಕಾಗದು. ಸೂಜಿಯ ಸಂಖ್ಯೆ ಏರಿದಷ್ಟೂ ಸೂಜಿ ಸಣ್ಣದಾಗುವುದರಿಂದ, ಕೊಳ್ಳುವ ಮುನ್ನ ಅವರು ಬಳಸುವ ಸಂಖ್ಯೆಯನ್ನು ನೋಡಿಕೊಳ್ಳಿ. ಅಂಗುಸ್ತಾನವನ್ನೂ ಬೆರಳ ಅಳತೆ ತಿಳಿಯದೆ ತರಬೇಡಿ. ಸಡಿಲವಾದರೆ ಜಾರುತ್ತದೆ, ಬಿಗಿಯಾದರೆ ಪೆಟ್ಟಿಗೆ ಸೇರುತ್ತದೆ.

ಇನ್ನು ಹೊಲಿಗೆಯ ವಿಷಯ. ಇಡೀ ಕೌದಿಯನ್ನು ಹೊತ್ತು ತಿರುಗುವುದು ಅಸಾಧ್ಯ. ನಾಲ್ಕೂವರೆ ಅಂಗುಲದ ಚೌಕಗಳನ್ನು ಕತ್ತರಿಸಿ ಕೊಡಿ. ಸುತ್ತಲೂ ಕಾಲಂಗುಲ ಹೊಲಿಗೆಗೆ ಹೋದರೆ ನಾಲ್ಕಂಗುಲ ಉಳಿಯುತ್ತದೆ. ಸಾಲಿಗೆ 10ರಂತೆ 12 ಸಾಲು, ಒಟ್ಟು 120 ಚೌಕಗಳಿಂದ 40 ಅಂಗುಲ ಅಗಲ, 48 ಅಂಗುಲ ಉದ್ದದ ಮಗುವಿನ ಕೌದಿಯಾಗುತ್ತದೆ. ಚೌಕಗಳು ಒಂದು ಚೀಲದಲ್ಲಿ ಹಿಡಿಯುವುವು. ರೈಲಿನಲ್ಲಿ ಎರಡೆರಡಾಗಿ ಜೋಡಿಸುತ್ತ ಹೋಗಬಹುದು. ಅವು ಅಂಗಡಿಯ ಹೊಸ ಬಟ್ಟೆಯೇ ಆಗಬೇಕೆಂದಿಲ್ಲ. ಮಕ್ಕಳ ಹಳೆಯ ಅಂಗಿ, ತೀರಿಹೋದವರ ಪಂಚೆ, ಇವನ್ನು ಒಗೆದು ಕತ್ತರಿಸಿ ಕೊಟ್ಟರೆ ಅದಕ್ಕಿಂತ ದೊಡ್ಡ ಉಡುಗೊರೆಯಿಲ್ಲ.

ಆದರೆ ಉಡುಗೊರೆ ಹೊರೆಯಾಗಬಾರದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ಸೀಮೆಗಳ ಸಿದ್ದಿ ಸ್ತ್ರೀಯರು ಹೊಲಿಯುವ ಕವಂದಿಗಳಿಗೆ ಇಂದು ಹೊರನಾಡುಗಳಲ್ಲೂ ಮನ್ನಣೆಯಿದೆ. 2004ರಲ್ಲಿ ಅವರದೊಂದು ಸಹಕಾರ ಸಂಘವೂ ಏರ್ಪಟ್ಟಿತು. ಅಂಚಿನಿಂದ ಹೊರಟು ಸುತ್ತುಸುತ್ತಾಗಿ ನಡುವಿಗೆ ಬಂದು ಮುಗಿಸುವುದು ಅವರ ಕ್ರಮ. ಮೂಲೆಗಳಲ್ಲಿ ಫುಲಾ ಎಂಬ ಮಡಿಸಿದ ಮುಕ್ಕೋನದ ಬಟ್ಟೆಗಳನ್ನು ಇಟ್ಟ ಮೇಲೆಯೇ ಕವಂದಿ ಪೂರ್ಣ. ಇಷ್ಟು ಅಂದಕ್ಕೆ ಬೇಕಾದುದು ಸೂಜಿ, ದಾರ, ಹಳೆಯ ಬಟ್ಟೆ. ಹತ್ತು ಬಗೆಯ ಯಂತ್ರಗಳನ್ನು ತಂದು ಒಪ್ಪಿಸುವವರು ಇದನ್ನು ಮನಸ್ಸಿನಲ್ಲಿಡಲಿ.

ಮಕ್ಕಳ ಮನೆಯೂ ನಮ್ಮ ಮನೆಯೇ. ಆದರೂ ಅಲ್ಲಿ ಮುದುಕರಿಗೆ ಕೆಲಸವಿರುವುದಿಲ್ಲ. ಒಲೆ ತಮ್ಮದಲ್ಲ, ಅಂಗಳ ತಮ್ಮದಲ್ಲ. ಮಡಿಲಲ್ಲಿ ನಾಲ್ಕು ಬಟ್ಟೆಯ ಚೂರುಗಳಿದ್ದರೆ ಹೊತ್ತು ತಮ್ಮದಾಗುತ್ತದೆ. ಪತ್ರ ಬರೆದ ಮಹಾಶಯರು ತಾಯಿಯವರಿಗೆ ಕೊಡಬೇಕಾದುದು ಇದನ್ನೇ.

ಕಳೆದ ಯುಗಾದಿಗೆ ನಾವು ಒಂದು ಕತ್ತರಿಯನ್ನೂ ಒರೆಯನ್ನೂ ತಂದುಕೊಟ್ಟೆವು. ಹಳೆಯದಕ್ಕೆ ಅದು ಸಾಟಿಯಲ್ಲವೆಂದು ಬಲ್ಲೆವು. ಮನೆಯವರು ಅದನ್ನು ಬಟ್ಟೆಯ ಮೇಲೆ ಆಡಿಸಿ ನೋಡಿ, "ಚೆನ್ನಾಗಿದೆ. ಈ ಸಲ ಪೆಟ್ಟಿಗೆಯನ್ನು ಮಾತ್ರ ನೀವು ಕಟ್ಟಬೇಡಿ" ಎಂದರು. ಕ್ಷಮೆ ದೊರೆತಂತಾಯಿತು.