ಗೊತ್ತಿಲ್ಲದ ವಿಷಯಕ್ಕೊಂದು ಬಳಗ

ಎಲ್ಲರಿಗೂ ಅಷ್ಟಿಷ್ಟು ಗೊತ್ತಿರುವ ವಿಷಯಕ್ಕೆ ಬಳಗ ಕಟ್ಟುವುದು ಸುಲಭ. ಕ್ರಿಕೆಟ್, ಅಡಿಕೆ ಧಾರಣೆ, ಹಳೆಯ ಸಿನಿಮಾ ಹಾಡು ಎಂದು ಹೆಸರಿಟ್ಟು ಒಂದು ವಾಟ್ಸ್ಆ್ಯಪ್ ಗುಂಪು ಮಾಡಿದರೆ ಸಂಜೆಯೊಳಗೆ ಮಾತು ಶುರುವಾಗಿರುತ್ತದೆ. ಆದರೆ ಬಹುಪಾಲು ಜನರಿಗೆ ಏನೂ ಗೊತ್ತಿಲ್ಲದ, ಏನು ಕೇಳಬೇಕೆಂಬುದೂ ಹೊಳೆಯದ ವಿಷಯಕ್ಕೆ ಜನರನ್ನು ಕೂಡಿಸುವುದು ಹೇಗೆ? ದಾವಣಗೆರೆ, ಹರಿಹರದ ಸುತ್ತಮುತ್ತ ನಿಂತಿರುವ ಶಾಸನಗಳನ್ನು ಕಂಡಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ನಮಗೆ ಇಷ್ಟು ಹತ್ತಿರವಿದ್ದೂ ಇಷ್ಟು ಅಪರಿಚಿತವಾಗಿ ಉಳಿದಿರುವ ವಿಷಯ ಇನ್ನೊಂದಿಲ್ಲ.

ಹರಿಹರೇಶ್ವರನ ಗುಡಿಗೆ ಹೋಗದವರು ಈ ಭಾಗದಲ್ಲಿ ವಿರಳ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ಪೋಲಾಳ್ವ ದಂಡನಾಯಕ ಅದನ್ನು ಕಟ್ಟಿಸಿದ. 1268ರಲ್ಲಿ ಸೋಮ ದಂಡನಾಯಕ ಅದನ್ನು ವಿಸ್ತರಿಸಿದ. ಸೋಮನಾಥಪುರವನ್ನು ಕಟ್ಟಿಸಿದವನೂ ಇದೇ ಸೋಮನೇ. ದರ್ಶನ ಮುಗಿಸಿ ಹೊರಬರುವವರ ಕಣ್ಣಿಗೆ ಬರಹ ತುಂಬಿದ ಕಲ್ಲುಗಳು ಬೀಳುತ್ತವೆ. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ಕನ್ನಡದಲ್ಲೇ ಬರೆದ ಆ ಸಾಲುಗಳಲ್ಲಿ ಒಂದನ್ನೂ ಓದಲು ಬಾರದೆ ಮನೆಗೆ ಹೋಗುತ್ತೇವೆ.

ಓದಲಾಗದೆ ನಾವು ಕಳೆದುಕೊಂಡಿರುವುದು ರಾಜರ ಹೆಸರು, ಬಿರುದುಗಳನ್ನಷ್ಟೇ ಅಲ್ಲ. ಹರಿಹರದಲ್ಲಿ ವಿಜಯನಗರ ಕಾಲದ ಎರಡು ಶಾಸನಗಳಿವೆ. 1410ರದ್ದು ಹರಿದ್ರಾ ಹೊಳೆಗೆ ಅಣೆ ಕಟ್ಟಿ ಕಾಲುವೆ ತೋಡಿದ ಸಂಗತಿ ಹೇಳುತ್ತದೆ. ಆ ನೀರು ಉಣ್ಣುವ ಜಮೀನಿನಲ್ಲಿ ದೇವರಿಗೆ ಎಷ್ಟು ಪಾಲು, ಕೈಯಿಂದ ಹಣ ಹಾಕಿ ಕಾಲುವೆ ತೋಡಿಸಿದ ಬ್ರಾಹ್ಮಣರಿಗೆ ಎಷ್ಟು ಪಾಲು ಎಂಬ ಒಪ್ಪಂದವೂ ಅದರಲ್ಲಿದೆ. 1424ರದ್ದು ಆ ಅಣೆ ಒಡೆದುಹೋದದ್ದನ್ನೂ ಹಣ ಹೊಂದಿಸಿ ಮತ್ತೆ ಕಟ್ಟಿಸಿದ್ದನ್ನೂ ಹೇಳುತ್ತದೆ. ಹರಿದ್ರಾ ಎಂದರೆ ಸೂಳೆಕೆರೆಯಿಂದ ಹೊರಟು ತುಂಗಭದ್ರೆಯನ್ನು ಸೇರುವ ಹಳ್ಳ. ಇಂದಿಗೂ ಬೇಸಿಗೆ ಬೆಳೆಯ ಹೊತ್ತಿಗೆ ಭದ್ರಾ ನಾಲೆಯ ನೀರು ಕೊನೆಭಾಗಕ್ಕೆ ತಲುಪಲಿಲ್ಲವೆಂದು ಹರಿಹರ, ಮಲೇಬೆನ್ನೂರು ಕಡೆಯ ರೈತರು ರಸ್ತೆಗಿಳಿಯುತ್ತಾರೆ. ನೀರು ತಂದವರು ಯಾರು, ಖರ್ಚು ಕೊಟ್ಟವರು ಯಾರು, ಪಾಲು ಯಾರಿಗೆ ಎಂಬ ಜಗಳಕ್ಕೆ ಆರುನೂರು ವರ್ಷಗಳ ದಾಖಲೆ ನಮ್ಮೂರಿನ ಕಲ್ಲಿನ ಮೇಲೆಯೇ ಇದೆ.

ಬಳಗ ಕಟ್ಟಲು ಹೊರಡುವವರು ಸಾಮಾನ್ಯವಾಗಿ ಎಡವುವುದು ಮೊದಲ ಹೆಜ್ಜೆಯಲ್ಲೇ. ವಿಷಯ ಹೊಸದು, ಮೊದಲು ತಿಳಿಸಿ ಹೇಳಬೇಕು ಎಂದುಕೊಂಡು ಉಪನ್ಯಾಸ ಇಡುತ್ತಾರೆ. ಬ್ರಾಹ್ಮಿಯಿಂದ ಶುರುವಾಗಿ ಕದಂಬ, ಗಂಗ, ಚಾಲುಕ್ಯರವರೆಗೆ ಲಿಪಿಯ ಬೆಳವಣಿಗೆ ವಿವರಿಸುವಷ್ಟರಲ್ಲಿ ಬಂದವರಿಗೆ ಇದು ತಮ್ಮ ಕೈಗೆಟುಕುವುದಲ್ಲ ಎಂಬುದೊಂದು ಮಾತ್ರ ಚೆನ್ನಾಗಿ ಮನದಟ್ಟಾಗಿರುತ್ತದೆ. ಮುಂದಿನ ಸಲ ಅವರು ಬರುವುದಿಲ್ಲ. ನನ್ನ ವಾದ ಇಷ್ಟು: ಅಪರಿಚಿತ ವಿಷಯಕ್ಕೆ ಜನ ಸೇರುವುದು ವಿವರಣೆಯಿಂದಲ್ಲ, ಕೆಲಸದಿಂದ. ಬಂದವರಿಗೆ ಮೊದಲ ದಿನವೇ ತಮ್ಮ ಊರಿನದೇ ಆದ, ತಾವೇ ಮಾಡಬಲ್ಲ ಒಂದು ಕೆಲಸ ಸಿಗಬೇಕು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹರಿಹರದಲ್ಲಿ ಲೇತ್ ಯಂತ್ರ ತಯಾರಿಸಿತು. ಹೊಲದ ಕೆಲಸ ಬಿಟ್ಟು ಬಂದವರು ಯಂತ್ರದ ಪಕ್ಕ ನಿಂತೇ ಆ ವಿದ್ಯೆ ಕಲಿತರು. ಕಲ್ಲಿನ ಓದೂ ಹಾಗೆಯೇ ಕಲ್ಲಿನ ಪಕ್ಕ ನಿಂತು ಕಲಿಯಬೇಕಾದ ವಿದ್ಯೆ.

ಇದು ಬರೀ ಊಹೆಯ ಮಾತಲ್ಲ. ಬೆಂಗಳೂರಿನಲ್ಲಿ ಪಿ.ಎಲ್. ಉದಯಕುಮಾರ್ ಮತ್ತು ಸಂಗಡಿಗರು ಮಾಡಿ ತೋರಿಸಿದ್ದಾರೆ. ಹಳೆಯ ಶಾಸನ ಸಂಪುಟಗಳಲ್ಲಿ ಹೆಸರಿಸಿದ ಕಲ್ಲುಗಳು ಈಗ ಎಲ್ಲಿವೆ, ಉಳಿದಿವೆಯೇ ಎಂದು ಬೀದಿ ಬೀದಿ ಹುಡುಕುವುದೇ ಅವರು ಜನರ ಮುಂದಿಟ್ಟ ಕೆಲಸ. ಅದಕ್ಕೆ ಹಳಗನ್ನಡ ಬರಬೇಕಿಲ್ಲ. ಕಾಲು, ಕಣ್ಣು, ಮೊಬೈಲು ಇದ್ದರೆ ಸಾಕು. 2018ರಲ್ಲಿ ಹೆಬ್ಬಾಳದಲ್ಲಿ ಅಗೆಯುವಾಗ ಕಿತ್ತಯ್ಯ ಎಂಬ ವೀರನ ಕಲ್ಲು ಸಿಕ್ಕಿತು. ಅದು ಸುಮಾರು ಕ್ರಿ.ಶ. 750ರದ್ದೆಂದು ತಿಳಿದಾಗ ಸುತ್ತಲಿನ ನಿವಾಸಿಗಳೇ ಅದನ್ನು ಕಾಪಾಡಿಕೊಂಡರು. 2021ರಿಂದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಶಾಸನಗಳ ತ್ರಿ-ಆಯಾಮದ ದಾಖಲೀಕರಣವೂ ನಡೆದಿದೆ. ಹುಡುಕಲು ಬಂದವರಲ್ಲಿಯೇ ಕೆಲವರು ಓದಲು ಕಲಿತರು. ಅಪರಿಚಿತ ವಿಷಯದ ಬಳಗ ಬೆಳೆಯುವ ಕ್ರಮವೇ ಇದು.

ನಮ್ಮಲ್ಲಿ ಈ ಕೆಲಸಕ್ಕೆ ಬೇಕಾದ ಪಟ್ಟಿ ಸಿದ್ಧವಾಗಿದೆ. 1865ರಲ್ಲಿ ಮೇಜರ್ ಡಿಕ್ಸನ್ ತೆಗೆದ ಶಾಸನಗಳ ಛಾಯಾಚಿತ್ರಗಳಲ್ಲಿ ದಾವಣಗೆರೆ, ಹರಿಹರದವೂ ಇದ್ದವು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟ ಆಗಿನ ಚಿತ್ರದುರ್ಗ ಜಿಲ್ಲೆಯದು, ದಾವಣಗೆರೆ ತಾಲ್ಲೂಕಿನ ಶಾಸನಗಳ ಪಾಠ ಅದರಲ್ಲಿ ಊರುವಾರು ಅಚ್ಚಾಗಿದೆ. ಕದಂಬ ಕೃಷ್ಣವರ್ಮನ ಸೋಲಿನ ಪ್ರಸ್ತಾಪವಿರುವ, ನಮ್ಮದೇ ತಾಲ್ಲೂಕಿನ ಅಣಜಿಯ ಶಾಸನವೂ ಅಲ್ಲಿದೆ. ಸಂಪುಟದಲ್ಲಿರುವ ಊರಿಗೆ ಹೋಗಿ ಕಲ್ಲು ಈಗ ಎಲ್ಲಿದೆ ಎಂದು ನೋಡಿ ಬರುವುದು ಹೈಸ್ಕೂಲು ಹುಡುಗಿಗೂ ನಿವೃತ್ತ ಗುಮಾಸ್ತರಿಗೂ ಸಾಧ್ಯವಾದ ಕೆಲಸ.

ಕಲ್ಲಿನ ಮುಂದೆ ನಿಂತಾಗ ಏನಾಗುತ್ತದೆ ನೋಡಿ. ಹಗಲು ಬಿಸಿಲು ನೇರ ಬಿದ್ದರೆ ಅಕ್ಷರಗಳೆಲ್ಲ ಕಲ್ಲಿನಲ್ಲಿ ಕರಗಿದಂತೆ ಕಾಣುತ್ತವೆ. ಸಂಜೆ ಒಂದು ಟಾರ್ಚನ್ನು ಕಲ್ಲಿನ ಅಂಚಿಗೆ ಒರಗಿಸಿ ಬೆಳಕನ್ನು ಅಡ್ಡಡ್ಡ ಹಾಯಿಸಿದರೆ ಪ್ರತಿ ಗೆರೆಯ ಒಂದು ಬದಿಗೆ ನೆರಳು ನಿಲ್ಲುತ್ತದೆ. ಮೇಲೆ ಸೂರ್ಯ, ಚಂದ್ರ, ಹಸು, ಕರು. ಅದರ ಕೆಳಗೆ ಬಹಳ ಸಲ ಸಿಗುವ ಮೊದಲ ಮಾತು ‘ಸ್ವಸ್ತಿ’. ಅದನ್ನು ಗುರುತಿಸಿದವರು ಮುಂದಿನ ಸಾಲಿನಲ್ಲೂ ಅದೇ ಸಕಾರ, ತಕಾರ ಹುಡುಕಲು ತೊಡಗುತ್ತಾರೆ. ಪದಗಳ ನಡುವೆ ಜಾಗವಿರುವುದಿಲ್ಲ, ಎ–ಏ, ಒ–ಓ ಭೇದವೂ ಬರಹದಲ್ಲಿರುವುದಿಲ್ಲ; ಹಾಗಾಗಿ ಒಬ್ಬರ ಓದನ್ನು ಇನ್ನೊಬ್ಬರು ತಿದ್ದುತ್ತಾರೆ. ಬಳಗ ಹುಟ್ಟುವುದು ಆ ಹೊತ್ತಿನಲ್ಲಿ. ಸೀಮೆಸುಣ್ಣ ತಿಕ್ಕುವುದು, ತಂತಿ ಬ್ರಷ್ ಹಾಕುವುದು ಮಾತ್ರ ಕೂಡದು, ಕಲ್ಲಿಗೆ ಕೇಡು.

ಇದೆಲ್ಲ ತಜ್ಞರ ಕೆಲಸ, ಹವ್ಯಾಸಿಗಳು ಕೈಹಾಕಿದರೆ ತಪ್ಪು ಓದು ಹರಡುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಊರಿನ ಹಿರಿಮೆಗೋ ಮನೆತನದ ಹೆಮ್ಮೆಗೋ ಒಂದು ಅಕ್ಷರವನ್ನು ಎಳೆದಾಡಿ, ಆ ಓದನ್ನು ನೂರು ಜನರಿಗೆ ಫಾರ್ವರ್ಡ್ ಮಾಡಿಬಿಟ್ಟರೆ ತಿದ್ದುವುದು ಕಷ್ಟ. ಆದ್ದರಿಂದ ಅಚ್ಚಾದ ಪಾಠಕ್ಕೆ ಹೋಲಿಸದೆ, ಬಲ್ಲವರೊಬ್ಬರು ನೋಡದೆ ಯಾವ ಓದನ್ನೂ ಬಳಗದಿಂದ ಹೊರಗೆ ಬಿಡಬಾರದು. ಆದರೆ ತಜ್ಞರು ಎಷ್ಟು ಊರಿಗೆ ಹೋಗಬಲ್ಲರು? ರಸ್ತೆ ಅಗಲಿಸುವಾಗ, ಗುಡಿಗೆ ಹೊಸದಾಗಿ ಗ್ರಾನೈಟ್ ಹಾಸುವಾಗ ಕಲ್ಲಿನ ಹತ್ತಿರ ಇರುವವರು ಊರಿನವರು ಮಾತ್ರ. ಅದು ಏನೆಂದು ಅವರಿಗೆ ಗೊತ್ತಿದ್ದರೆ ಉಳಿಯುತ್ತದೆ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಬರಹದ ಕಲ್ಲಿನ ಅಡಿಯಲ್ಲಿ ನಿಧಿ ಇದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಸತ್ತಿಲ್ಲ. ಅದಕ್ಕೆ ಬಲಿಯಾದ ವೀರಗಲ್ಲುಗಳು ರಾಜ್ಯದ ತುಂಬ ಇವೆ. ನಿರ್ಜನ ಜಾಗದ ಕಲ್ಲಿನ ಫೋಟೊದೊಂದಿಗೆ ನಕ್ಷೆಯ ಗುರುತನ್ನೂ ಎಲ್ಲರಿಗೂ ಹಂಚುವುದೆಂದರೆ ಕಳ್ಳರಿಗೆ ದಾರಿ ತೋರಿಸಿದಂತೆ. ಅದಕ್ಕೆ ಪರಿಹಾರ ಗುಟ್ಟು ಮಾಡುವುದೂ ಅಲ್ಲ. ಕಲ್ಲಿನಲ್ಲಿ ಬರೆದಿರುವುದು ದತ್ತಿಯ ಗದ್ದೆ, ಕೆರೆ, ಸತ್ತ ವೀರನ ಹೆಸರು ಎಂದು ಆ ಊರಿನ ಕಟ್ಟೆಯ ಮೇಲೆ ಕುಳಿತು ಓದಿ ಹೇಳಿದಾಗ ಕಾವಲಿಗೆ ಊರೇ ನಿಲ್ಲುತ್ತದೆ. ಮೊಬೈಲಿನ ಗುಂಪು ಈ ಕೆಲಸಕ್ಕೆ ನೆರವಾಗಬಹುದೇ ಹೊರತು ಇದರ ಜಾಗ ತುಂಬಲಾರದು.

ಸದಸ್ಯರ ಸಂಖ್ಯೆಯ ಚಿಂತೆ ಬೇಡ. ಸಾವಿರ ಜನ ಸುಮ್ಮನೆ ನೋಡುವ ಗುಂಪಿಗಿಂತ, ಹೊಸಬರ ತೀರ ಸಣ್ಣ ಪ್ರಶ್ನೆಗೂ ಅದೇ ದಿನ ಬೇಸರವಿಲ್ಲದೆ ಉತ್ತರ ಕೊಡುವ ಐದಾರು ಜನ ಮೇಲು. ‘ಇಷ್ಟೂ ಗೊತ್ತಿಲ್ಲವೇ’ ಎಂಬ ಒಂದು ಮಾತು ಸಾಕು, ಹತ್ತು ಜನ ಮತ್ತೆ ಬಾಯಿ ತೆರೆಯುವುದಿಲ್ಲ.

ದಾವಣಗೆರೆಯವರು ದೂರ ಹೋಗಬೇಕಾಗಿಲ್ಲ. ಊರೊಳಗೇ ಆನೆಕೊಂಡದ ಈಶ್ವರ ಗುಡಿಯಿದೆ. ಹರಿಹರ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಈ ಭಾನುವಾರ ಇಬ್ಬರು ಗೆಳೆಯರನ್ನು ಕರೆದುಕೊಂಡು, ಒಂದು ಟಾರ್ಚ್ ಹಿಡಿದು ಹೊರಡಿ, ‘ಸ್ವಸ್ತಿ’ ಎಲ್ಲಿದೆ ಹುಡುಕಿ, ಸಿಕ್ಕಿದರೆ ನಾಲ್ಕನೆಯವರನ್ನು ಕರೆಯಿರಿ.