ಕಿಟ್ ಬ್ಯಾಗ್ ಮತ್ತು ಪುಸ್ತಕದ ಚೀಲ

ನಮ್ಮ ಕಾಲೇಜಿನಲ್ಲಿ ಕ್ರಿಕೆಟ್ ಆಡುವ ಹುಡುಗರ ಬಗ್ಗೆ ಎರಡೇ ಮಾತು ಕೇಳಿಬರುತ್ತವೆ. ಒಂದು, "ಆಟ ಆಡಿ ಹಾಳಾದ." ಇನ್ನೊಂದು, "ನೋಡ್ತಾ ಇರು, ಇವನೇ ಮುಂದಿನ ಸಿರಾಜ್." ಮೊದಲನೆಯದು ಮೇಷ್ಟ್ರುಗಳದ್ದು ಮತ್ತು ಮನೆಯವರದ್ದು, ಎರಡನೆಯದು ಗೆಳೆಯರದ್ದು. ಎರಡೂ ಆ ಹುಡುಗನಿಗೆ ಅನ್ಯಾಯ ಮಾಡುತ್ತವೆ ಎಂಬುದು ನನ್ನ ಅಭಿಪ್ರಾಯ. ಹಾಳಾಗುವುದಕ್ಕೂ ಸಿರಾಜ್ ಆಗುವುದಕ್ಕೂ ನಡುವೆ ಒಂದು ಉದ್ದದ ಏಣಿ ಇದೆ. ನಮ್ಮ ಹುಡುಗರು ಇರುವುದು ಆ ಏಣಿಯ ಮೇಲೆ.

ನಾನು ಆಡುವವನಲ್ಲ. ಲೀಗ್‌ನ ಕೆಳಗಿನ ಡಿವಿಷನ್ನಿನಲ್ಲಿ ಆಡುವ ಒಂದು ತಂಡಕ್ಕೆ ಎರಡು ವರ್ಷದಿಂದ ಸ್ಕೋರ್ ಬರೆಯುತ್ತಿದ್ದೇನೆ. ಬ್ಯಾಟು ಹಿಡಿದವನಿಗೆ ತನ್ನ ಆಟ ಮಾತ್ರ ಕಾಣುತ್ತದೆ, ಸ್ಕೋರ್ ಬರೆಯುವವನಿಗೆ ಇಪ್ಪತ್ತೆರಡೂ ಜನ ಕಾಣುತ್ತಾರೆ. ಅದಕ್ಕೇ ಈ ಬರಹ.

ಮೊದಲು ಏಣಿ ಹೇಗಿದೆ ನೋಡೋಣ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ 1933ರಲ್ಲಿ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಎಂಬ ಹೆಸರಿನಲ್ಲಿ ಹುಟ್ಟಿದ್ದು. ಅದರ ಲೀಗ್‌ನಲ್ಲಿ ಐದನೇ ಡಿವಿಷನ್ನಿನಿಂದ ಮೊದಲನೇ ಡಿವಿಷನ್ನಿನವರೆಗೆ ಮೆಟ್ಟಿಲುಗಳಿವೆ. ಗೆದ್ದ ಕ್ಲಬ್ ಮೇಲಕ್ಕೆ ಹೋಗುತ್ತದೆ, ಸೋತದ್ದು ಕೆಳಕ್ಕೆ ಇಳಿಯುತ್ತದೆ. ಇದರ ಪಕ್ಕದಲ್ಲೇ ವಯಸ್ಸಿನ ಏಣಿ ಇನ್ನೊಂದಿದೆ. 16 ವರ್ಷದೊಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, 19ರೊಳಗಿನವರಿಗೆ ಕೂಚ್ ಬೆಹಾರ್ ಟ್ರೋಫಿ, 23ರೊಳಗಿನವರಿಗೆ ಸಿ.ಕೆ. ನಾಯುಡು ಟ್ರೋಫಿ, ಆಮೇಲೆ ರಣಜಿ. ಕರ್ನಾಟಕ ಎಂಟು ಸಲ ರಣಜಿ ಗೆದ್ದ ರಾಜ್ಯ. ಇಲ್ಲಿ ಸ್ಪರ್ಧೆ ಕಡಿಮೆ ಇರಲು ಸಾಧ್ಯವೇ?

ಈಗ ಸ್ವಲ್ಪ ಲೆಕ್ಕ. ಒಂದು ತಂಡಕ್ಕೆ ಸುಮಾರು 15 ಜನ. ಬೆಂಗಳೂರಿನ ಜೊತೆಗೆ ಮೈಸೂರು, ಶಿವಮೊಗ್ಗ, ತುಮಕೂರು, ಧಾರವಾಡ, ರಾಯಚೂರು, ಮಂಗಳೂರು ವಲಯಗಳ ಹುಡುಗರೂ ಅದೇ 15 ಜಾಗಕ್ಕೆ ಬರುತ್ತಾರೆ. ಸೀನಿಯರ್ ತಂಡದ ಆಟಗಾರ ಹತ್ತು ವರ್ಷ ಆಡಿದ ಎಂದುಕೊಳ್ಳಿ. ಆಗ ವರ್ಷಕ್ಕೆ ಖಾಲಿಯಾಗುವುದು ಒಂದೋ ಎರಡೋ ಜಾಗ. ಪ್ರತಿ ವರ್ಷ 19ರ ತಂಡದಿಂದ ಹೊರಬರುವವರು ಅದಕ್ಕಿಂತ ಎಷ್ಟೋ ಹೆಚ್ಚು. ಅಂದರೆ ಏಣಿಯಲ್ಲಿ ಹೆಚ್ಚಿನವರು ನಡುವೆಯೇ ನಿಲ್ಲುತ್ತಾರೆ. ಅದು ಅವರ ಸೋಮಾರಿತನವಲ್ಲ, ಪ್ರತಿಭೆಯ ಕೊರತೆಯೂ ಅಲ್ಲ. ಮೇಲಕ್ಕೆ ಹೋದಂತೆ ಮೆಟ್ಟಿಲು ಕಿರಿದಾಗುತ್ತದೆ, ಅಷ್ಟೆ.

2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಕೂಚ್ ಬೆಹಾರ್ ಫೈನಲ್ ನಡೆದದ್ದು ನಿಮಗೆ ನೆನಪಿರಬಹುದು. ಮುಂಬೈ 380 ಹೊಡೆಯಿತು. ಕರ್ನಾಟಕ 8 ವಿಕೆಟಿಗೆ 890. ಪ್ರಖರ್ ಚತುರ್ವೇದಿ ಒಬ್ಬರೇ ಔಟಾಗದೆ 404. ಕರ್ನಾಟಕಕ್ಕೆ ಆ ಟ್ರೋಫಿ ಬಂದದ್ದು ಅದೇ ಮೊದಲು. ಆದರೆ 19ರ ಮಟ್ಟದಲ್ಲಿ ನಾನೂರು ಹೊಡೆದರೂ ಮರುದಿನ ಬೆಳಿಗ್ಗೆ ರಣಜಿ ತಂಡದ ಬಾಗಿಲು ತಾನಾಗಿ ತೆರೆಯುವುದಿಲ್ಲ. ನಡುವೆ ಇನ್ನೂ ಮೆಟ್ಟಿಲಿದೆ. ಹೀಗಿರುವಾಗ, ಅದೇ ತಂಡದಲ್ಲಿ ಮೂವತ್ತು, ನಲವತ್ತು ಹೊಡೆದ ಹುಡುಗರ ಹೆಸರು ಎಷ್ಟು ಜನ ಹೇಳಬಲ್ಲಿರಿ?

ನಮ್ಮವರ ಬಾಯಲ್ಲಿ ಸಿರಾಜ್ ಕಥೆ ಸದಾ ಇರುತ್ತದೆ. ಹೈದರಾಬಾದಿನ ಆಟೋ ಚಾಲಕರ ಮಗ, 2017ರ ಐಪಿಎಲ್ ಹರಾಜಿನಲ್ಲಿ 2.6 ಕೋಟಿ, ಆಮೇಲೆ ಏಳು ಸೀಸನ್ ನಮ್ಮ ಆರ್‌ಸಿಬಿ. ಕಥೆ ನಿಜ, ಹೆಮ್ಮೆಯದ್ದು. ಆದರೆ ಅದನ್ನು ಅರ್ಧ ಮಾತ್ರ ಹೇಳುತ್ತೇವೆ. ಸಿರಾಜ್ ರಣಜಿಗೆ ಬಂದದ್ದು 2015ರಲ್ಲಿ, 2016-17ರ ಸೀಸನ್ನಿನಲ್ಲಿ 41 ವಿಕೆಟ್ ತೆಗೆದ ಮೇಲೆ ಹರಾಜು, ಟೆಸ್ಟ್ ಟೋಪಿ ಸಿಕ್ಕಿದ್ದು 2020ರ ಡಿಸೆಂಬರ್ 26ರಂದು ಮೆಲ್ಬರ್ನ್‌ನಲ್ಲಿ. ಆಗ ವಯಸ್ಸು 26. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಅವರ ತಂದೆ ತೀರಿಕೊಂಡಿದ್ದರು.

ನಮ್ಮ ರಾಜ್ಯದ ಇಬ್ಬರನ್ನು ಪಕ್ಕದಲ್ಲಿಟ್ಟು ನೋಡಿ. ಕೆ.ಎಲ್. ರಾಹುಲ್ ಮತ್ತು ಮಯಂಕ್ ಅಗರವಾಲ್ ಇಬ್ಬರೂ 2010ರ ಅಂಡರ್-19 ವಿಶ್ವಕಪ್ ತಂಡದಲ್ಲಿದ್ದವರು. ರಾಹುಲ್ ಮೊದಲ ಟೆಸ್ಟ್ ಆಡಿದ್ದು 2014ರ ಡಿಸೆಂಬರ್ 26, ಮೆಲ್ಬರ್ನ್. ಮಯಂಕ್ ಆಡಿದ್ದೂ ಡಿಸೆಂಬರ್ 26, ಮೆಲ್ಬರ್ನ್. ಆದರೆ 2018ರಲ್ಲಿ! ಒಂದೇ ತಂಡ, ಒಂದೇ ಮೈದಾನ, ಒಂದೇ ದಿನಾಂಕ, ನಡುವೆ ನಾಲ್ಕು ವರ್ಷ. 2017ರ ನವೆಂಬರ್ ಒಂದೇ ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ರನ್ ಹೊಡೆದ ಮೇಲೂ ಮಯಂಕ್ ಮತ್ತೊಂದು ವರ್ಷ ಕಾದರು. ಹಿಂದಿನ ಕಾಲದ ಸೈಯದ್ ಕಿರ್ಮಾನಿ ಸಾಹೇಬರೂ ಕಾದವರೇ. 1971ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ವಿಕೆಟ್ ಕೀಪರ್ ಆಗಿ ಹೋದರು, ಮೊದಲ ಟೆಸ್ಟ್ ಸಿಕ್ಕಿದ್ದು 1976ರಲ್ಲಿ. ಆಮೇಲೆ 88 ಟೆಸ್ಟ್, 1983ರ ವಿಶ್ವಕಪ್. ಈ ಏಣಿಗೆ ರೈಲಿನ ಹಾಗೆ ವೇಳಾಪಟ್ಟಿ ಇಲ್ಲ.

ಏಣಿಯನ್ನು ಹಾರಿದವರೂ ಇದ್ದಾರೆ. 2015ರಲ್ಲಿ ಕೊಡಗಿನ ಕೆ.ಸಿ. ಕಾರ್ಯಪ್ಪ ರಾಜ್ಯ ತಂಡಕ್ಕೆ ಆಡುವ ಮೊದಲೇ ಕೆಪಿಎಲ್ ಆಟದ ಮೇಲೆ 2.4 ಕೋಟಿಗೆ ಕೋಲ್ಕತ್ತ ತಂಡಕ್ಕೆ ಹೋದರು. ಆ ವರ್ಷ ಆಡಲು ಸಿಕ್ಕಿದ್ದು ಒಂದೇ ಪಂದ್ಯ. ಅದರಲ್ಲೂ ಎಬಿ ಡಿವಿಲಿಯರ್ಸ್ ವಿಕೆಟ್ ತೆಗೆದರು. ಇನ್ನೇನು ಮಾಡಬೇಕಿತ್ತು ಅವರು? ಹುಡುಗಿಯರ ಕಡೆ ನೋಡಿದರೆ, 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ವೃಂದಾ ದಿನೇಶ್ ಭಾರತಕ್ಕೆ ಆಡುವ ಮೊದಲೇ 1.3 ಕೋಟಿಗೆ ಡಬ್ಲ್ಯುಪಿಎಲ್ ತಂಡ ಸೇರಿದರು. ಮೊದಲ ಸೀಸನ್ನಿನ ನಡುವೆಯೇ ಗಾಯವಾಗಿ ಹೊರಗೆ ಕೂರಬೇಕಾಯಿತು. ಮೆಟ್ಟಿಲೇ ಮಾಯವಾಗುವುದೂ ಉಂಟು. 2009ರಲ್ಲಿ ಶುರುವಾದ ಕೆಪಿಎಲ್ 2019ರ ನಂತರ ನಿಂತುಹೋಯಿತು. ಅದರ ಜಾಗಕ್ಕೆ ಮಹಾರಾಜ ಟ್ರೋಫಿ ಬಂದದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಇಪ್ಪತ್ತು ತುಂಬಿದವರು ಯಾರ ಬಳಿ ಕೇಳಬೇಕು?

ಇನ್ನು ದುಡ್ಡಿನ ಮಾತು. 2021ರಲ್ಲಿ ಬಿಸಿಸಿಐ ದೇಶೀಯ ಪಂದ್ಯಗಳ ಭತ್ಯೆ ಹೆಚ್ಚಿಸಿತು. ಹನ್ನೊಂದರಲ್ಲಿ ಆಡುವ 16ರೊಳಗಿನವರಿಗೆ ದಿನಕ್ಕೆ 7,000, 19ರೊಳಗಿನವರಿಗೆ 20,000, 23ರೊಳಗಿನವರಿಗೆ 25,000, ರಣಜಿಯಲ್ಲಿ 40,000ದಿಂದ 60,000 ರೂಪಾಯಿ. ಒಳ್ಳೆಯದೇ. ಆದರೆ ಇದು ರಾಜ್ಯ ತಂಡ ಸೇರಿದವರಿಗೆ. ಕೆಳಗಿನ ಡಿವಿಷನ್ನಿನಲ್ಲಿ ಆಡುವ ನಮ್ಮ ಕೆ.ಆರ್. ಪುರದ ಹುಡುಗ ಸಂಬಳ ತೆಗೆದುಕೊಳ್ಳುವುದಿಲ್ಲ, ಕೈಯಿಂದ ಕೊಡುತ್ತಾನೆ. ಅಕಾಡೆಮಿ ಫೀಸು, ಶೂ, ಪ್ಯಾಡು, ಬಸ್ಸು, ಮೆಟ್ರೊ. ಸುಮಾರಾದ ಇಂಗ್ಲಿಷ್ ವಿಲ್ಲೋ ಬ್ಯಾಟಿಗೇ ಹತ್ತು ಸಾವಿರ ಬೇಕು. ಅಮ್ಮಿ ಚೀಟಿ ಎತ್ತಿ ಬ್ಯಾಟು ಕೊಡಿಸಿದ ಮನೆಗಳು ನನಗೆ ಗೊತ್ತು. ಆ ಬ್ಯಾಟು ಹಿಡಿದು ಸೊನ್ನೆಗೆ ಔಟಾದವನ ಮುಖವನ್ನು ಸ್ಕೋರ್ ಬರೆಯುವವನು ನೋಡುವುದಿಲ್ಲ ಎಂದುಕೊಳ್ಳಬೇಡಿ.

ಬೇರೆ ಕಡೆ ಹೇಗಿದೆ? ಅಮೆರಿಕದ ಬೇಸ್‌ಬಾಲ್‌ನಲ್ಲೂ ಇಂಥದೇ ಏಣಿ ಇದೆ. ಅದಕ್ಕೆ ಮೈನರ್ ಲೀಗ್ ಎನ್ನುತ್ತಾರೆ. ನಾಲ್ಕು ಮೆಟ್ಟಿಲು, 120 ತಂಡ. ಅಲ್ಲೂ ಹೆಚ್ಚಿನ ಹುಡುಗರು ಮೇಲಿನ ಲೀಗ್ ತಲುಪುವುದಿಲ್ಲ. ಎಷ್ಟೋ ವರ್ಷ ಅಲ್ಲೂ ಹುಡುಗರು ಅರೆಹೊಟ್ಟೆಯ ಸಂಬಳಕ್ಕೆ ಆಡಿದರು. ಆದರೆ ಅವರು ಒಟ್ಟಾಗಿ ಕೇಳಿದರು. 2022ರಿಂದ ತಂಡಗಳೇ ವಾಸಕ್ಕೆ ಮನೆ ಕೊಡಬೇಕಾಯಿತು. 2023ರ ಒಪ್ಪಂದದಲ್ಲಿ ತೀರಾ ಕೆಳಗಿನ ಹಂತದ ವರ್ಷದ ಸಂಬಳ 4,800 ಡಾಲರಿನಿಂದ 19,800ಕ್ಕೆ ಏರಿತು. ಓದು ಬಿಟ್ಟು ಬಂದ ಹುಡುಗ ಮುಂದೆ ಕಾಲೇಜಿಗೆ ಹೋಗಲು ಹಣ ಕೊಡುವ ಏರ್ಪಾಡೂ ಅಲ್ಲಿದೆ. "ನೀನು ಮೇಲೆ ತಲುಪದಿರಬಹುದು, ಆಗಲೂ ನಿನಗೆ ಬದುಕಿದೆ" ಎಂದು ಒಪ್ಪಿಕೊಂಡ ಏರ್ಪಾಡು ಅದು.

ನಮ್ಮಲ್ಲೂ ಒಂದು ಕಾಲಕ್ಕೆ ಬೇರೆ ಥರದ ಏರ್ಪಾಡಿತ್ತು. ಪಕ್ಕದ ದೂರವಾಣಿನಗರದ ಐಟಿಐ 1948ರಲ್ಲಿ ಶುರುವಾದ ಕಾರ್ಖಾನೆ. ಐಟಿಐ, ಎಚ್‌ಎಎಲ್, ಬಿಇಎಲ್, ಬ್ಯಾಂಕುಗಳು, ರೈಲ್ವೆ, ಇವೆಲ್ಲ ಆಟಗಾರರನ್ನು ಕೆಲಸಕ್ಕೆ ತೆಗೆದುಕೊಂಡು ತಂಡ ಕಟ್ಟುತ್ತಿದ್ದವು. ಭಾರತ ತಂಡ ಸೇರದವನಿಗೂ ತಿಂಗಳ ಸಂಬಳ, ಕ್ವಾರ್ಟರ್ಸ್, ಪೆನ್ಷನ್ ಇರುತ್ತಿತ್ತು. ಈಗ ಅಂಥ ಕೆಲಸಗಳು ತುಂಬಾ ಕಡಿಮೆ. ಇರುವ ಕ್ರೀಡಾ ಕೋಟಾಕ್ಕೂ ವಿದ್ಯಾರ್ಹತೆ ಕೇಳುತ್ತಾರೆ. ಹಿಂದೆ ಆಟಗಾರನ ಕೆಳಗೆ ಕಾರ್ಖಾನೆ ಹಿಡಿದಿದ್ದ ಬಲೆಯನ್ನು ಈಗ ಮಾರ್ಕ್ಸ್ ಕಾರ್ಡ್ ಹಿಡಿಯಬೇಕಾಗಿದೆ.

ಅದಕ್ಕೇ ಪಿಯುಸಿಯ ಎರಡು ವರ್ಷ ಇಷ್ಟು ಮುಖ್ಯ. ಹದಿನಾರಕ್ಕೆ ಅಂಡರ್-16 ಮುಗಿಯುತ್ತದೆ. ಹದಿನೇಳಕ್ಕೆ ಹುಡುಗ ತನಗಿಂತ ಎರಡು ವರ್ಷ ದೊಡ್ಡವರ ಜೊತೆ ಆಯ್ಕೆಗೆ ನಿಲ್ಲಬೇಕು. ಅದೇ ಹೊತ್ತಿಗೆ ಎರಡನೇ ಪಿಯು, ಸಿಇಟಿ. ಇತ್ತೀಚಿನ ವರ್ಷಗಳಲ್ಲಿ ರಮ್ಜಾನ್ ಕೂಡ ಫೆಬ್ರವರಿ, ಮಾರ್ಚ್ ಹೊತ್ತಿಗೇ ಬಂದಿದೆ. ಸಹ್ರಿ ಮಾಡಿ, ಬೆಳಿಗ್ಗೆ ನೆಟ್ಸ್ ಮುಗಿಸಿ, ಕ್ಲಾಸಿಗೆ ಬಂದು ಕೊನೆಯ ಬೆಂಚಿನಲ್ಲಿ ತೂಕಡಿಸುವವನನ್ನು ಸೋಮಾರಿ ಎನ್ನುವ ಮೊದಲು ಇಷ್ಟು ನೆನಪಿರಲಿ.

"ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ" ಎಂದು ಹೇಳುವವರಿದ್ದಾರೆ. ಆದರೆ ನಮ್ಮ ರಾಜ್ಯದ ಕ್ರಿಕೆಟ್ ಬೇರೆಯೇ ಹೇಳುತ್ತದೆ. ಇ.ಎ.ಎಸ್. ಪ್ರಸನ್ನ 1962ರಲ್ಲಿ ಮೊದಲ ಟೆಸ್ಟ್ ಆಡಿ, ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಪೂರೈಸಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಐದು ವರ್ಷ ಹೊರಗಿದ್ದವರು ಕೊನೆಗೆ 49 ಟೆಸ್ಟಿನಲ್ಲಿ 189 ವಿಕೆಟ್ ತೆಗೆದರು. ಶ್ರೀನಾಥ್ ಎಂಜಿನಿಯರ್. 619 ವಿಕೆಟ್ ತೆಗೆದ ಕುಂಬ್ಳೆ ಆರ್.ವಿ. ಕಾಲೇಜಿನ ಮೆಕ್ಯಾನಿಕಲ್ ಎಂಜಿನಿಯರ್. ಅವರದೆಲ್ಲ ಹಳೆಯ ಕಾಲ, ಈಗ ವರ್ಷವಿಡೀ ಕ್ರಿಕೆಟ್ ಎನ್ನುತ್ತೀರಾ? ಒಪ್ಪುತ್ತೇನೆ. ಹಾಗಾದರೆ ಸೌರಭ್ ನೇತ್ರಾವಲ್ಕರ್ ಅವರನ್ನು ನೋಡಿ. ರಾಹುಲ್, ಮಯಂಕ್ ಜೊತೆ 2010ರ ಅದೇ ಅಂಡರ್-19 ತಂಡದಲ್ಲಿದ್ದವರು. ಮುಂಬೈ ರಣಜಿ ತಂಡದಲ್ಲಿ ಜಾಗ ನಿಲ್ಲಲಿಲ್ಲ. 2015ರಲ್ಲಿ ಓದಲು ಅಮೆರಿಕಕ್ಕೆ ಹೋದರು, ಸಾಫ್ಟ್‌ವೇರ್ ಎಂಜಿನಿಯರ್ ಆದರು. 2024ರ ಜೂನ್ 6ರಂದು ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಸೂಪರ್ ಓವರ್ ಎಸೆದು ಅಮೆರಿಕವನ್ನು ಗೆಲ್ಲಿಸಿದ್ದು ಅವರೇ. ಆ ಪಂದ್ಯ ಸಿಗದೇ ಹೋಗಿದ್ದರೂ ಅವರ ಬದುಕು ನಡೆಯುತ್ತಿತ್ತು. ಮುಖ್ಯವಾದ ವಿಷಯ ಅದೇ.

ಹಾಗಾಗಿ ನಮ್ಮ ಕಾಲೇಜಿಗೆ ನನ್ನ ನಾಲ್ಕು ವಿನಂತಿ. ಒಂದು, ಲೀಗ್ ಪಂದ್ಯ ಮತ್ತು ಆಯ್ಕೆ ಶಿಬಿರದ ದಿನಗಳಿಗೆ ಕ್ಲಬ್ಬಿನ ಪತ್ರ ತಂದರೆ ಹಾಜರಿ ಕೊಡುವ ದಾರಿ ಹುಡುಕಿ. 75 ಶೇಕಡಾ ಹಾಜರಿಯ ಭಯಕ್ಕೆ ಸುಳ್ಳು ಮೆಡಿಕಲ್ ಸರ್ಟಿಫಿಕೇಟ್ ತರುವುದು ತಪ್ಪುತ್ತದೆ. ಎರಡು, ತಪ್ಪಿದ ಪಾಠಕ್ಕೆ ವಾರಕ್ಕೆ ಒಂದು ಗಂಟೆ ಹೆಚ್ಚುವರಿ ತರಗತಿ. ಕಲಿಸಲು ಲೆಕ್ಚರರೇ ಬೇಕೆಂದಿಲ್ಲ, ಅಕೌಂಟೆನ್ಸಿ ಚೆನ್ನಾಗಿ ಬರುವ ನಮ್ಮ ಹುಡುಗಿಯರೇ ಸಾಕು. ಮೂರು, ಈಗ ದ್ವಿತೀಯ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಮಾರ್ಚ್‌ನಲ್ಲಿ ಎಡವಿದವನಿಗೆ ಎರಡನೆಯದಕ್ಕೆ ಕೂರಲು ಧೈರ್ಯ ಕೊಡಿ, ಟಿ.ಸಿ. ಕೊಡಬೇಡಿ. ನಾಲ್ಕು, ಆಡಲು ಬಯಸುವ ಹುಡುಗಿಯರಿಗೂ ಇದೇ ನಿಯಮ ಇರಲಿ.

ಆಡುವ ಗೆಳೆಯರಿಗೂ ಎರಡು ಮಾತು. ಆಯ್ಕೆ ಮಾಡಿಸಿಕೊಡುತ್ತೇನೆ ಎಂದು ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ವಯಸ್ಸು ಇಳಿಸಿ ಸರ್ಟಿಫಿಕೇಟ್ ಮಾಡಿಸುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ. 16ರ ಮಟ್ಟದಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ವಯಸ್ಸು ನೋಡುತ್ತಾರೆ. 2015ರ ಪಟೌಡಿ ಉಪನ್ಯಾಸದಲ್ಲಿ ರಾಹುಲ್ ದ್ರಾವಿಡ್ ಇದರ ಬಗ್ಗೆಯೇ ಖಾರವಾಗಿ ಮಾತಾಡಿದ್ದರು. ಸಿಕ್ಕಿಬೀಳುವ ಭಯ ಬಿಡಿ, ಸುಳ್ಳು ಸಾಕ್ಷಿ ನಮ್ಮ ದೀನ್‌ನಲ್ಲಿ ದೊಡ್ಡ ಗುನಾಹ್. ನೀವು ಕದಿಯುವುದು ಇನ್ನೊಬ್ಬ ಹುಡುಗನ ಜಾಗವನ್ನು.

ಈ ವರ್ಷ ನಮ್ಮ ಕಾಲೇಜಿನಿಂದ ಯಾರಾದರೂ ರಾಜ್ಯ ತಂಡಕ್ಕೆ ಹೋದರೆ ಗೇಟಿನ ಮೇಲೆ ಬ್ಯಾನರ್ ಕಟ್ಟೋಣ, ಇನ್ಶಾ ಅಲ್ಲಾಹ್. ಹೋಗದವರು ಜೂನ್‌ನಲ್ಲಿ ಬಿ.ಕಾಂ. ಅರ್ಜಿ ಹಿಡಿದು ನಿಂತಾಗ ಅವರ ಕೈಯಲ್ಲಿ ಪಾಸಾದ ಮಾರ್ಕ್ಸ್ ಕಾರ್ಡ್ ಇರುವಂತೆ ಮಾಡುವುದು ಅದಕ್ಕಿಂತ ದೊಡ್ಡ ಕೆಲಸ. ಅದು ಆಯ್ಕೆ ಸಮಿತಿಯ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ.